ಅವ್ವನ ಮೊಣಕಾಲು, ವೈನಿಯ ಹೆಸರು

ನಮ್ಮ ಅವ್ವನ ಮೊಣಕಾಲುಗಳ ಮೊದಲ ಎಕ್ಸ್‌ರೇ ಅವಳ ಹೆಸರಿನಲ್ಲಿಲ್ಲ. ಅದು ನನ್ನ ವೈನಿಯ, ಅಂದರೆ ಅಣ್ಣನ ಹೆಂಡತಿಯ ಹೆಸರಿನಲ್ಲಿದೆ. ವಯಸ್ಸು ಮೂವತ್ತೆರಡು ಎಂದು ಮೂಲೆಯಲ್ಲಿ ಬರೆದಿದೆ. ಫಿಲ್ಮು ತೆಗೆಸಿದ್ದು ಶಹಾಬಾದಿನಲ್ಲಿ, ತೋರಿಸಿದ್ದು ಚಿತ್ತಾಪುರದ ಒಬ್ಬ ಡಾಕ್ಟರಿಗೆ. ರೋಗಿಗೆ ಬರಲಾಗಲಿಲ್ಲ ಎಂದು ಹೇಳಿ ಅಣ್ಣನೂ ನಾನೂ ಬರೀ ಫಿಲ್ಮು ಒಯ್ದಿದ್ದೆವು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಮೂವತ್ತೆರಡಕ್ಕ ಈ ಮೊಳಕಾಲಾ? ಇವರೇನು ಫರ್ಸಿ ಖಣಿಯೊಳಗ ಕಲ್ಲು ಹೊರ್ತಾರೇನ್ರಿ?"

"ಮನ್ಯಾಗ ಕೆಲಸ ಭಾಳ ಅದರಿ," ಎಂದ ಅಣ್ಣ.

"ಹಂಗಾದ್ರ ನಿಮ್ಮ ಮನಿಗೆ ಯಾರೂ ಹೆಣ್ಣು ಕೊಡಬಾರದು ಬಿಡ್ರಿ."

ಇಬ್ಬರೂ ನಕ್ಕೆವು. ಹೊರಗೆ ಬಂದ ಮೇಲೂ, ಸ್ಟೇಶನ್ನಿನವರೆಗೂ ನಕ್ಕೆವು. ಡಾಕ್ಟರನ್ನು ಏಮಾರಿಸಿದ ಖುಷಿ ಅದು. ಏಮಾರಿದ್ದು ಯಾರು ಎಂದು ತಿಳಿಯಲು ಇನ್ನೂ ವರ್ಷಗಳಿದ್ದವು.

ನಾವು ಓದು ಬರಹ ಬಾರದವರಲ್ಲ. ಅಣ್ಣ ಬಿ.ಕಾಂ. ಮಾಡಿ ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ. ತಂಗಿಯಾದ ನಾನು ಬಿ.ಎಸ್ಸಿ., ಬಿ.ಎಡ್. ಅವ್ವನ ಜೊತೆ ಸೇಡಂನಲ್ಲಿದ್ದುಕೊಂಡು ದಿನಾ ಪ್ಯಾಸೆಂಜರ್ ರೈಲಿನಲ್ಲಿ ಚಿತ್ತಾಪುರಕ್ಕೆ ಹೋಗಿ ಹೈಸ್ಕೂಲಿನ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದೆ. ಅಪ್ಪ ಮಾಸ್ತರರಾಗಿದ್ದವರು, ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ಅವ್ವನಿಗೆ ಶುಗರ್ ಇತ್ತು. ಮೊಣಕಾಲು ತೊಂಬತ್ತರ ದಶಕದಲ್ಲೇ ಸವೆಯಲು ಶುರುವಾಗಿ, ಆ ದಶಕ ಮುಗಿಯುವ ಹೊತ್ತಿಗೆ ಅವಳು ಅಡಿಗೆ ಮನೆಯಿಂದ ದೇವರ ಮನೆಗೆ ಕುಳಿತಲ್ಲಿಂದಲೇ ಫರ್ಸಿ ಕಲ್ಲಿನ ನೆಲದ ಮೇಲೆ ಜಾರಿಕೊಂಡು ಹೋಗುತ್ತಿದ್ದಳು. ಮಡಿ ಸೀರೆಯ ಹಿಂಭಾಗ ಸವೆದು ಬಲೆಯಂತಾಗಿತ್ತು. "ನೆಲಾ ಒರಸೋ ಕೆಲಸ ಉಳೀತು ನಿನಗ," ಎಂದು ನನಗೇ ಚೇಷ್ಟೆ ಮಾಡುತ್ತಿದ್ದಳು. ಕೀಲು ಬದಲಿಸದೆ ಬೇರೆ ದಾರಿಯಿಲ್ಲ ಎಂದು ಎಲ್ಲ ಡಾಕ್ಟರೂ ಕಾಲು ಒತ್ತಿ ನೋಡಿಯೇ ಹೇಳಿದ್ದರು. ಅದನ್ನು ಎಲ್ಲಿ ಮಾಡಿಸುವುದು ಎಂಬುದೊಂದೇ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಹೊತ್ತು ಒಂದು ಭಾನುವಾರ ವಿಮೆಯ ಏಜೆಂಟ ಬಂದ. ಶಹಾಬಾದಿನವನು, ಅಣ್ಣನ ಸ್ನೇಹಿತ. ಹೊಸ ಖಾಸಗಿ ವಿಮಾ ಕಂಪನಿಗಳು ಬಂದ ಕಾಲ ಅದು. ಅವನ ಚರ್ಮದ ಚೀಲದಲ್ಲಿ ನಗುವ ಮುದುಕ ಮುದುಕಿಯರ ಬಣ್ಣದ ಹಾಳೆಗಳಿದ್ದವು. ಆ ಮುದುಕಿಯರು ಯಾರೂ ನೆಲದ ಮೇಲೆ ಜಾರುತ್ತಿರಲಿಲ್ಲ. ಫಾರ್ಮಿನಲ್ಲಿ ಕಾಯಿಲೆಗಳ ಉದ್ದ ಪಟ್ಟಿ, ಒಂದೊಂದರ ಮುಂದೆ ಹೌದು, ಇಲ್ಲ ಎಂಬ ಎರಡು ಚೌಕ. ಪುಣ್ಯಾತ್ಮ ನಮ್ಮ ಸಮಯ ಉಳಿಸಲೆಂದು ಎಲ್ಲ ಚೌಕಗಳನ್ನೂ ಮನೆಯಲ್ಲೇ ತುಂಬಿಕೊಂಡು ಬಂದಿದ್ದ. ಇಲ್ಲ, ಇಲ್ಲ, ಇಲ್ಲ.

"ಕಾಕು, ಇಲ್ಲೊಂದು ಸಹಿ ಮಾಡ್ರಿ, ಸಾಕು."

"ನನಗ ಶುಗರ್ ಅದಲ್ಲಪಾ," ಎಂದಳು ಅವ್ವ.

"ಅದು ನಿಮಗದ ಕಾಕು, ಫಾರ್ಮಿಗಿಲ್ಲ."

"ಮತ್ತ ಮೊಳಕಾಲು?"

"ನಾಕು ವರ್ಷ ಮೊಳಕಾಲಿನ ಮಾತು ತೆಗೀಲೇಬ್ಯಾಡ್ರಿ. ಅದರೊಳಗ ಕೇಳಿದ್ರ ಹಳೇ ಬ್ಯಾನಿ ಅಂತ ಕಂಪನಿ ರೊಕ್ಕಾ ಕೊಡೂದಿಲ್ಲ. ಎಲ್ಲೂ ನಿಮ್ಮ ಹೆಸರಿಲೆ ಒಂದು ಚೀಟಿ ಸುದ್ದಾ ಇರಬಾರದು. ನಾಕು ವರ್ಷ ದಾಟಿತು ಅಂದ್ರ ಹೈದರಾಬಾದಿನ ದೊಡ್ಡ ದವಾಖಾನ್ಯಾಗ ಎರಡೂ ಕಾಲು ಹೊಸಾವು. ಎ.ಸಿ. ರೂಮಿನಾಗ ಮಲಗಿ ಬರ್ರಿ."

ಅವನು ನಮ್ಮ ಓಣಿಯಲ್ಲಿ ಇನ್ನೂ ಹಲವು ಮನೆ ಹತ್ತಿ ಇಳಿದ. ಆ ಫಾರ್ಮುಗಳನ್ನು ನಂಬುವುದಾದರೆ ನಮ್ಮ ಓಣಿಯಲ್ಲಿ ಯಾರಿಗೂ ಬಿ.ಪಿ. ಇರಲಿಲ್ಲ, ದಮ್ಮು ಇರಲಿಲ್ಲ, ಮೂಲವ್ಯಾಧಿ ಇರಲಿಲ್ಲ. ಸಿಮೆಂಟಿನ ಧೂಳು ಕುಡಿದು ರಾತ್ರಿಯಿಡೀ ಕೆಮ್ಮುವ ಎದುರು ಮನೆಯವರು ಕೂಡ ಕಾಗದದ ಮೇಲೆ ಕುಸ್ತಿಯ ಪೈಲ್ವಾನರು.

ಇದಾದ ಮೇಲೆ ಅವ್ವನ ಕಾಯಿಲೆಗಳನ್ನು ಮನೆಯವರೆಲ್ಲ ಹಂಚಿಕೊಂಡೆವು. ಮೊಣಕಾಲು ವೈನಿಯದಾಯಿತು. ಶುಗರ್ ಅಣ್ಣನದಾಯಿತು, ಗುಳಿಗೆಗಳ ಚೀಟಿ ಅವನ ಹೆಸರಿನಲ್ಲಿ. ಅವ್ವ ಮಾತ್ರ ಕಾಗದದ ಮೇಲೆ ದಿನದಿನಕ್ಕೆ ಗಟ್ಟಿಯಾಗುತ್ತ ಹೋದಳು, ನೆಲದ ಮೇಲೆ ಜಾರುತ್ತ.

ಬೇರೆ ದಾರಿ ಇರಲಿಲ್ಲವೆಂದು ಹೇಳಲಾರೆ. ಅದು ತಾನಾಗಿ ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತಿತ್ತು. ಅಪ್ಪನ ಸಾಲೆಯಲ್ಲಿ ಜವಾನರಾಗಿದ್ದವರೊಬ್ಬರು ನಿವೃತ್ತರಾಗಿ ಚಿಂಚೋಳಿಯಲ್ಲಿದ್ದರು. ಬೌದ್ಧರು. ವರ್ಷಕ್ಕೊಮ್ಮೆ ಬಸ್ಸು ಹತ್ತಿ ಅವ್ವನನ್ನು ಮಾತನಾಡಿಸಲು ಬರುತ್ತಿದ್ದರು. ಬಿದ್ದು ಸೊಂಟದ ಕೀಲು ಮುರಿದುಕೊಂಡಿದ್ದ ಅವರಿಗೆ ಹೈದರಾಬಾದಿನ ಸರಕಾರಿ ದವಾಖಾನೆಯೊಂದರಲ್ಲಿ ಹೊಸ ಕೀಲು ಹಾಕಿದ್ದರು. ಏಜೆಂಟ ಬಂದು ಹೋದ ತಿಂಗಳೇ ಬಂದರು. ಕೋಲನ್ನು ಗೋಡೆಗೆ ಆನಿಸಿ, ಅಂಗಳದಲ್ಲಿ ಅತ್ತಿಂದಿತ್ತ ಮೂರು ಸಲ ನಡೆದು ತೋರಿಸಿದರು.

"ನೋಡ್ರಿ ಬಾಯಾರ, ಲೋಖಂಡದ ಕೀಲು ಕುಂದ್ರಿಸ್ಯಾರ. ನನ್ನಕಿಂತ ಅದೇ ಗಟ್ಟಿ ಅದ."

"ಅಲ್ಲಿ ಭಾಳ ಕಾಯಿಸ್ತಾರಂತಲ್ಲ?" ಎಂದು ನಾನು ಕೇಳಿದೆ.

"ಕಾಯಿಸ್ತಾರ್ರಿ ಅಕ್ಕೋರ, ಯಾಕ ಸುಳ್ಳು ಹೇಳ್ಲಿ. ಮೂರು ಸಲ ತಾರೀಖು ಮುಂದ ಹಾಕಿದ್ರು. ಬೈದ್ರು. ಪಾಯಖಾನಿ ಕಡಿ ಹೋದ್ರ ಮೂಗು ಹಿಡ್ಕೊಬೇಕು. ಆದ್ರ ಮಾಡಿದ್ರು. ಬಾಯಾರು ಹೂಂ ಅಂದ್ರ ನಾನೇ ಕರಕೊಂಡು ಹೋಗ್ತೀನಿ. ಯಾವ ಬಾಗಲದಾಗ ಪಾಳಿ ಹಚ್ಚಬೇಕು, ನಂಗ ಗೊತ್ತದ."

ಅವರು ಎದ್ದು ಹೋದ ಮೇಲೆ ಅಣ್ಣ ಹೇಳಿದ್ದು: "ಅಂವಗೇನು, ಎಲ್ಲಿ ಮಲಗಿಸಿದ್ರೂ ನಡೀತದ." ಅವ್ವ ಹೇಳಿದ್ದು: "ಅಲ್ಲಿ ಮಡಿ ಎಲ್ಲಿ ಉಳೀತದ. ಯಾರ್ಯಾರ ಮಗ್ಗಲಾಗ ಮಲಗಬೇಕೋ ಏನೋ." ಆ ಹಿರಿಯರು ಚಹಾ ಕುಡಿದ ಗ್ಲಾಸನ್ನು ನಾನು ತೊಳೆದು ಹೊರಗಿನ ಗೂಡಿನಲ್ಲಿಟ್ಟೆ, ಯಾವಾಗಲೂ ಇಡುತ್ತಿದ್ದ ಹಾಗೆ. ಅಂದಿನ ನಮ್ಮ ವಿಚಾರ ವಿನಿಮಯವೆಲ್ಲ ಇಷ್ಟೇ. ಸರಕಾರಿ ದವಾಖಾನೆಯಲ್ಲಿ ಒಂದು ವರ್ಷ ಕಾಯಬೇಕಾದೀತೆಂದು ಹೆದರಿದ ನಾವು ಪಾಲಿಸಿ ಹಣ್ಣಾಗಲೆಂದು ನಾಲ್ಕು ವರ್ಷ ಕಾದೆವು. ಇದನ್ನು ಮುಂದಾಲೋಚನೆ ಎಂದು ಕರೆದೆವು.

ನಾಲ್ಕು ವರ್ಷ ದಾಟಿತು. ಹೈದರಾಬಾದಿನ ಆ ಖಾಸಗಿ ಆಸ್ಪತ್ರೆಯ ಬಾಗಿಲಲ್ಲಿ ಸಲಾಮು ಹೊಡೆಯುವವನಿದ್ದ, ಒಳಗೆ ಮೀನಿನ ಗಾಜಿನ ಪೆಟ್ಟಿಗೆಯಿತ್ತು. ಅವ್ವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿದಾಗ ವೈನಿ ಸುತ್ತ ನೋಡಿ, "ಮದವಿ ಮಂಟಪ ಇದ್ದಂಗ ಅದ," ಎಂದಳು. ಅಣ್ಣನ ಮುಖದಲ್ಲಿ ತಾನೇ ಕಟ್ಟಿಸಿದ ಹಾಗೆ ಹೆಮ್ಮೆ. ಒಳಗೆ ಮಾತ್ರ ಎಲ್ಲರಿಗೂ ಒಂದೇ ದಿಗಿಲು: ರಕ್ತ ಪರೀಕ್ಷೆಯಲ್ಲಿ ಶುಗರ್ ಸಿಕ್ಕಿಬಿದ್ದರೆ? ಏಜೆಂಟ ಅದಕ್ಕೂ ಫೋನಿನಲ್ಲಿ ಮದ್ದು ಹೇಳಿದ್ದ. ಪರೀಕ್ಷೆಯ ಹಿಂದಿನ ನಾಲ್ಕಾರು ದಿನ ಗುಳಿಗೆ ದುಪ್ಪಟ್ಟು, ಊಟ ಅರ್ಧ. ಹಾಗೇ ಮಾಡಿದೆವು. ವರದಿಯ ಅಂಕಿ ಮಿತಿಯ ಅಂಚಿನಲ್ಲಿ ಬಂತು. ದಾಖಲು ಮಾಡುವ ಡಾಕ್ಟರು ಶುಗರ್ ಇದೆಯಾ ಎಂದು ಕೇಳಿದಾಗ ಅವ್ವ, ಕಲಿಸಿದ ಹಾಗೆ, ಸೇಡಂ ಕಡೆಯ ತೆಲುಗಿನಲ್ಲಿ ಇಲ್ಲವೆಂದಳು. ಅಣ್ಣ ಹೊರಗೆ ಹೋಗಿ ಏಜೆಂಟನಿಗೆ ಫೋನು ಮಾಡಿದ. ಮಗ ಎಸ್ಸೆಸ್ಸೆಲ್ಸಿ ಪಾಸಾದನೆಂದು ಹೇಳುವ ದನಿಯಲ್ಲಿ.

ಆಪರೇಷನ್ನಿಗೆ ಕೊಟ್ಟ ದಿನ ದ್ವಾದಶಿ. ಹಿಂದಿನ ದಿನ ಏಕಾದಶಿ. ನಮ್ಮ ಮನೆತನದ ಹಿರಿಯರಿಗೆ ಏಕಾದಶಿ ಎಂದರೆ ಗುಟುಕು ನೀರೂ ಇಲ್ಲ, ಮರುದಿನ ಬೆಳಗಾಗುತ್ತಲೇ ಊಟ. ಗುಳಿಗೆ ಶುರುವಾದ ಮೇಲೆ ಅವ್ವ ಏಕಾದಶಿಗೆ ಹಾಲು ಹಣ್ಣು ತೆಗೆದುಕೊಳ್ಳುತ್ತಿದ್ದಳು. ಆದರೆ ಇಷ್ಟು ದೊಡ್ಡ ಆಪರೇಷನ್ನಿನ ಹಿಂದಿನ ದಿನ ವ್ರತ ಸಡಿಲು ಬಿಡಲು ಅವಳು ಒಪ್ಪಲಿಲ್ಲ. ಆಸ್ಪತ್ರೆಯವರು ಹೊತ್ತು ಹೊತ್ತಿಗೆ ತಟ್ಟೆ ತಂದಿಟ್ಟರು. ಅದನ್ನು ವೈನಿ ತಿಂದಳು. ನರ್ಸ್ ಬಂದು ಖಾಲಿ ತಟ್ಟೆ ನೋಡಿ, ಅವ್ವ ಚೆನ್ನಾಗಿ ಊಟ ಮಾಡಿದ್ದಾಳೆಂದು ಬರೆದುಕೊಂಡು ಹೋದಳು. ಹೀಗೆ ಅವ್ವನ ಊಟವೂ ವೈನಿಯ ಪಾಲಿಗೆ ಹೋಯಿತು. ಮರುದಿನ ಬೆಳಗಿನ ಪಾರಣೆಯೂ ಇಲ್ಲ. ಆಪರೇಷನ್ನಿನ ಮುಂಚೆ ಏನೂ ತಿನ್ನಿಸಬಾರದೆಂದು ಹೇಳಿದ್ದರು.

ಬೆಳಗಾದ ಮೇಲೆ ಅಣ್ಣ ಬಂದು, "ಇವತ್ತ ಮತ್ತೊಮ್ಮೆ ರಕ್ತ ನೋಡ್ತಾರಂತ. ಗುಳಿಗಿ ಕೊಡೋದು ಮರೀಬ್ಯಾಡ, ಎರಡು," ಎಂದ. ಊರಿನಿಂದ ತಂದ ತೀರ್ಥದ ಜೊತೆ ಎರಡು ಗುಳಿಗೆಗಳನ್ನು ಅವ್ವನ ಬಾಯಿಗೆ ಹಾಕಿದವಳು ನಾನು. ಒಂಬತ್ತನೆಯ ತರಗತಿಗೆ ಮೇದೋಜೀರಕ ಗ್ರಂಥಿಯ ಪಾಠ ಮಾಡುವ ನಾನು. ಆ ಗುಳಿಗೆ ಖಾಲಿ ಹೊಟ್ಟೆಯಲ್ಲಿ ಏನು ಮಾಡುತ್ತದೆಂದು ಯಾವ ಮಗುವಾದರೂ ಕೇಳಿದ್ದರೆ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತಿದ್ದೆ. ಆ ಹೊತ್ತು ನನ್ನ ತಲೆಯಲ್ಲಿ ವರದಿ ಇತ್ತು, ಅವ್ವ ಇರಲಿಲ್ಲ.

ಮತ್ತೊಮ್ಮೆ ರಕ್ತ ನೋಡಲು ಯಾರೂ ಬರಲಿಲ್ಲ. ಶುಗರ್ ಇಲ್ಲದವಳ ರಕ್ತವನ್ನು ಪದೇ ಪದೇ ಯಾಕೆ ನೋಡಬೇಕು?

ಆಪರೇಷನ್ ಕೋಣೆಯ ಹೊರಗಿನ ತಂಪು ಕೋಣೆಯಲ್ಲಿ ಅವ್ವನನ್ನು ಹಸಿರು ಅಂಗಿ ತೊಡಿಸಿ ಗಾಲಿಮಂಚದ ಮೇಲೆ ಮಲಗಿಸಿದ್ದರು. ಹೆಣ್ಣುಮಗಳೆಂದು ನನ್ನನ್ನು ಪಕ್ಕದಲ್ಲಿ ನಿಲ್ಲಲು ಬಿಟ್ಟಿದ್ದರು. ಅವಳ ಕೊರಳಿನ ತುಳಸಿ ಮಾಲೆ ನನ್ನ ಸೆರಗಿನ ಗಂಟಿನಲ್ಲಿತ್ತು. ಮುಂಚೆ ಮಾತನಾಡುತ್ತಿದ್ದಳು. ಆಮೇಲೆ ಸುಮ್ಮನಾದಳು. ಕೈ ಹಿಡಿದೆ; ತಣ್ಣಗಿತ್ತು, ಒದ್ದೆಯಾಗಿತ್ತು. ಅಷ್ಟು ಚಳಿಯ ಕೋಣೆಯಲ್ಲಿ ಅವಳ ಹಣೆಯ ಬೆವರು ಕಿವಿಯೊಳಗೆ ಇಳಿಯುತ್ತಿತ್ತು.

"ಒಲಿ ಮ್ಯಾಲೆ ಹಾಲು ಅದ, ಇಳಸು," ಎಂದಳು.

"ಅವ್ವಾ, ನಾವು ದವಾಖಾನ್ಯಾಗ ಇದ್ದೀವಿ."

"ಅಕ್ಕಾ, ಹಾಲು ಉಕ್ಕಲಿಕತ್ತದ." ನನ್ನನ್ನು ತನ್ನ ಸತ್ತು ಹೋದ ಅಕ್ಕನೆಂದುಕೊಂಡಿದ್ದಳು.

ನರ್ಸನ್ನು ಕರೆದೆ. ಅವಳು ಅವ್ವನ ಕೆನ್ನೆ ತಟ್ಟಿ, ಭಯ, ಎಲ್ಲರಿಗೂ ಹೀಗೇ ಆಗುತ್ತದೆ ಎಂದು ತೆಲುಗಿನಲ್ಲಿ ಹೇಳಿ ಹೋದಳು. ಅವಳ ತಪ್ಪಿಲ್ಲ. ಅವಳ ಕೈಯಲ್ಲಿದ್ದ ಹಾಳೆಯ ಪ್ರಕಾರ ಇದು ನಿನ್ನೆ ಹೊಟ್ಟೆ ತುಂಬ ಉಂಡ, ಯಾವ ಕಾಯಿಲೆಯೂ ಇಲ್ಲದ ಹೆಂಗಸು. ಆ ಹಾಳೆಯ ಒಂದೊಂದು ಸಾಲನ್ನೂ ನಾವು ಕಷ್ಟಪಟ್ಟು ಬರೆಸಿದ್ದೆವು.

ನನಗೆ ಗೊತ್ತಾಯಿತು. ಅನುಮಾನವಲ್ಲ, ಗೊತ್ತಾಯಿತು. ಬಾಗಿಲಿಗೆ ಹೋಗಿ ಅಣ್ಣನನ್ನು ಕರೆದೆ.

"ಶುಗರ್ ಇಳದದ. ಹೇಳ್ತೀನಿ ನಾನು."

ಅವನು ನನ್ನ ಮುಂಗೈ ಹಿಡಿದುಕೊಂಡ. "ಈಗ ಬಾಯಿ ಬಿಟ್ಟಿ ಅಂದ್ರ ನಾಕು ವರ್ಷ ನೀರಾಗ ಹೋದವು. ಒಳಗ ಹೋದ ಮ್ಯಾಲೆ ಗ್ಲೂಕೋಸ್ ಹಚ್ಚೇ ಹಚ್ತಾರ. ತಾನೇ ಸರಿ ಆಗ್ತದ. ಸ್ವಲ್ಪ ತಡಿ."

ನಾನು ತಡೆದೆ. ಇನ್ನೊಮ್ಮೆ ಬರೆಯುತ್ತೇನೆ: ನಾನು ತಡೆದೆ, ಬಾಯಿ ಬಿಡಲಿಲ್ಲ. ಎದುರಿನ ಗೋಡೆಯ ಮೇಲೆ ಗಡಿಯಾರವಿತ್ತು. ಅವ್ವನ ಪಕ್ಕ ಬಂದು, ಮತ್ತೆ ಅವಳ ಕೈ ಹಿಡಿದು ನಿಂತು ಅದನ್ನೇ ನೋಡಿದೆ. ಹನ್ನೊಂದು ನಿಮಿಷ. ಆ ಹನ್ನೊಂದು ನಿಮಿಷದಲ್ಲಿ ನಾನು ಯೋಚಿಸಿದ್ದು ದೇವರನ್ನಲ್ಲ. ಮತ್ತೆ ನಾಲ್ಕು ವರ್ಷ ಕಾಯಬೇಕಾಗುತ್ತದಲ್ಲ, ಅಣ್ಣ ಮುಂದೆ ಮಾತನಾಡಿಸುತ್ತಾನೋ ಇಲ್ಲವೋ, ಏಜೆಂಟನಿಗೆ ಏನು ಹೇಳುವುದು. ಹೌದು, ಏಜೆಂಟನಿಗೆ! ಅವ್ವ ಹಾಲು ಇಳಿಸು ಎನ್ನುವುದನ್ನೂ ನಿಲ್ಲಿಸಿದ್ದಳು. ಇಬ್ಬರು ಬಂದು ಗಾಲಿಮಂಚ ತಳ್ಳಿದರು. ಒಳಬಾಗಿಲು ತೆರೆಯಿತು. ಅವಳ ದವಡೆ ಅದುರಿತು, ಕಣ್ಣುಗುಡ್ಡೆ ಮೇಲೆ ಹೋಯಿತು.

ಆಗ ಕಿರುಚಿದೆ. ಕನ್ನಡದಲ್ಲಿ ಏನೇನು ಹೇಳಿದೆನೋ ಅಲ್ಲಿ ಯಾರಿಗೂ ತಿಳಿಯಲಿಲ್ಲ. ಶುಗರ್ ಎಂಬ ಶಬ್ದ ತಿಳಿಯಿತು. "ಶುಗರ್! ಗುಳಿಗಿ! ಎರಡು!" ಎಂದು ಎರಡು ಬೆರಳು ಎತ್ತಿ ತೋರಿಸಿದೆ. ಯಾರೋ ಅವ್ವನ ಬೆರಳು ಚುಚ್ಚಿ ಸಣ್ಣ ಯಂತ್ರದಲ್ಲಿ ನೋಡಿದರು. ಅಂಕಿ ನೋಡಿದ ನರ್ಸ್ ಚಪ್ಪಲಿ ಬಿಟ್ಟು ಓಡಿದಳು. ರಕ್ತನಾಳಕ್ಕೆ ನೇರ ಗ್ಲೂಕೋಸ್ ಹಾಕಿದರು. ಬಹಳ ಹೊತ್ತಾಯಿತೆಂದು ನನಗೆ ಅನ್ನಿಸಿತು, ಅಷ್ಟೇನೂ ಆಗಿರಲಿಲ್ಲವಂತೆ. ಅವ್ವ ಕಣ್ಣು ಬಿಟ್ಟು, "ಆಗಿ ಹೋಯ್ತೇನವಾ ಆಪರೇಷನ್?" ಎಂದಳು.

ಅರಿವಳಿಕೆ ಕೊಡುವ ಡಾಕ್ಟರು ವಯಸ್ಸಾದ ಹೆಂಗಸು. ಅಣ್ಣನನ್ನೂ ನನ್ನನ್ನೂ ನಿಲ್ಲಿಸಿಕೊಂಡು ಕೇಳಿದ್ದಕ್ಕೆಲ್ಲ ಉತ್ತರ ಪಡೆದರು. ಕೂಗಾಡಲಿಲ್ಲ. ಇನ್ನೈದು ನಿಮಿಷ ಕಳೆದಿದ್ದರೆ ತಾನು ಮಂಪರಿನ ಔಷಧ ಕೊಡುತ್ತಿದ್ದೆ, ಆಮೇಲೆ ಈಕೆ ಏಳದಿದ್ದರೂ ಔಷಧದ ನಿದ್ದೆ ಎಂದುಕೊಳ್ಳುತ್ತಿದ್ದೆ ಎಂದರು. ಕೊನೆಗೆ ನನ್ನ ಕಡೆ ತಿರುಗಿ ಏನು ಕೆಲಸ ಮಾಡುತ್ತೀ ಎಂದು ಕೇಳಿದರು. ವಿಜ್ಞಾನದ ಟೀಚರ್ ಎಂದೆ. ಅವರು ಏನೂ ಅನ್ನದೆ ಹೊರಟು ಹೋದರು. ನನಗೆ ಇದುವರೆಗೆ ಯಾರೂ ಅಷ್ಟು ಬೈದಿಲ್ಲ.

ಆಪರೇಷನ್ ಆಗಲಿಲ್ಲ. ಆಸ್ಪತ್ರೆಯವರು ಇದ್ದದ್ದನ್ನು ಇದ್ದ ಹಾಗೆ ಬರೆದರು, ಕಂಪನಿಯವರು ಪಾಲಿಸಿ ರದ್ದು ಮಾಡಿದರು. ಅದರಲ್ಲಿ ಅನ್ಯಾಯ ಹುಡುಕಲು ಅಣ್ಣ ಬಹಳ ದಿನ ಹೆಣಗಿದ. ಏಜೆಂಟ ಸೇಡಂಗೆ ಬಂದು ಕಟ್ಟೆಯ ಮೇಲೆ ಕುಳಿತು ಸಮಾಧಾನ ಹೇಳಿದ.

"ಕಾಕು, ಅಕ್ಕೋರು ಒಂದೀಟು ಧೈರ್ಯ ಹಿಡದಿದ್ರ ಎಲ್ಲಾ ಪಾಸ್ ಆಗಿ ಹೋಗ್ತಿತ್ತು ನೋಡ್ರಿ."

"ನಾನೂ ಪಾಸ್ ಆಗಿ ಹೋಗ್ತಿದ್ದೆ," ಎಂದಳು ಅವ್ವ. "ಚಹಾ ಕುಡದು ನಡಿಯಪಾ."

ಅವನು ಆ ಓಣಿಯಲ್ಲೇ ಇನ್ನೂ ಎರಡು ಮನೆಗೆ ಹೋಗಿ ಸಂಜೆಯ ಬಸ್ಸಿಗೆ ಶಹಾಬಾದಿಗೆ ಹೋದ. ಎರಡೂ ಮನೆಯಲ್ಲಿ ಸಹಿ ಬಿದ್ದವು.

ನನಗೆ ಆ ಕೋಣೆ ಬಿಟ್ಟು ಹೋಗಲಿಲ್ಲ. ಮಳಖೇಡ ದಾಟಿ ರೈಲು ಚಿತ್ತಾಪುರ ಸೇರುವಷ್ಟರಲ್ಲಿ ಆ ಗಾಲಿಮಂಚ ನನ್ನ ಕಣ್ಣ ಮುಂದೆ ಎಷ್ಟೋ ಸಲ ಒಳಗೆ ಹೋಗುತ್ತಿತ್ತು. ಕೆಲವು ಸಲ ನಾನು ಕಿರುಚುವುದಕ್ಕೆ ಮೊದಲೇ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ರೈಲಿನ ಡಬ್ಬಿಯಲ್ಲಿ ಯಾರಾದರೂ ಮುದುಕಿ ಬೆವರಿದ್ದು ಕಂಡರೆ ಹೋಗಿ ಕೈ ಮುಟ್ಟಿ ನೋಡುತ್ತಿದ್ದೆ. ಒಬ್ಬಾಕೆ ಕಳ್ಳಿಯೆಂದು ಬೈದಳು.

ಕೆಲವು ತಿಂಗಳಾದ ಮೇಲೆ ಅವ್ವನೇ, "ಚಿಂಚೋಳಿಗೆ ಹೇಳಿ ಕಳಸು," ಎಂದಳು. ಆ ಹಿರಿಯರು ಮರುದಿನದ ಮೊದಲ ಬಸ್ಸಿಗೇ ಬಂದರು. ನಾಲ್ಕು ವರ್ಷ ಯಾಕೆ ಕಾದಿರಿ ಎಂದು ಕೇಳಲಿಲ್ಲ. ಚಾಪೆ, ಚಾದರ, ಒಂದು ಬಕೆಟ್ಟು ತೆಗೆದುಕೊಳ್ಳಿ ಎಂದಷ್ಟೇ ಹೇಳಿದರು. ಹೈದರಾಬಾದಿನ ಸರಕಾರಿ ದವಾಖಾನೆಯ ಪಾಳಿಯಲ್ಲಿ ನಮ್ಮ ಮುಂದೆ ನಿಂತು, ನುಗ್ಗುವವರ ಮೇಲೆ ದಖನಿ ಉರ್ದುವಿನಲ್ಲಿ ಜಗಳಾಡಿದರು.

ಡಾಕ್ಟರು ಚಿಕ್ಕ ವಯಸ್ಸಿನವರು, ಬೀದರ ಕಡೆಯವರು, ಕನ್ನಡ ಬರುತ್ತಿತ್ತು. "ಶುಗರ್ ಅದೇನ್ರಿ ಅಜ್ಜಿ?" ಎಂದು ಕೇಳಿದ್ದೇ ತಪ್ಪಾಯಿತು. ಅವ್ವ ನಾಲ್ಕು ವರ್ಷ ಬಾಯಿಗೆ ಹಾಕಿದ್ದ ಬೀಗ ತೆಗೆದಳು. ಶುಗರ್ ಯಾವಾಗ ಬಂತು, ಯಾವ ಗುಳಿಗೆ, ಏಕಾದಶಿ, ದ್ವಾದಶಿ, ಬಸಿರಿನಲ್ಲಿ ಕಾಲು ಬಾತದ್ದು, ತನ್ನ ತಂದೆಗೂ ಶುಗರ್ ಇದ್ದದ್ದು, ಮಾವಿನ ಹಣ್ಣು ಕದ್ದು ತಿಂದದ್ದು.

"ಸಾಕ್ರಿ ತಾಯಿ, ಕಾಗದ ಮುಗೀತು," ಎಂದರು ಅವರು. ಶುಗರ್ ಹತೋಟಿಗೆ ಬಂದ ಮೇಲೆ ಇನ್ನೂ ಮೂರು ತಿಂಗಳು ನೋಡಿ ತಾರೀಖು ಕೊಡುತ್ತೇನೆಂದರು. ತಾರೀಖು ಎರಡು ಸಲ ಮುಂದೆ ಹೋಯಿತು. ಕೃತಕ ಕೀಲನ್ನು ನಾವೇ ಕೊಂಡು ತರಬೇಕಾಯಿತು. ಪಾಯಖಾನೆಯ ಬಗ್ಗೆ ಆ ಹಿರಿಯರು ಹೇಳಿದ್ದು ಕಡಿಮೆಯೇ. ಆದರೆ ಆಪರೇಷನ್ನಿನ ಹಿಂದಿನ ದಿನದಿಂದ ಹೊತ್ತು ಹೊತ್ತಿಗೆ ಬೆರಳು ಚುಚ್ಚಿ ನೋಡಿದರು, ಗುಳಿಗೆ ನಿಲ್ಲಿಸಿದರು, ಉಂಡದ್ದು ಉಣ್ಣದ್ದು ಕೇಳಿ ಬರೆದುಕೊಂಡರು. ಅವ್ವನ ಒಂದು ಮಗ್ಗುಲಿಗೆ ಗುಂಡಗುರ್ತಿಯ ಹೊಲದ ಕೂಲಿಯ ಹೆಂಗಸು, ಇನ್ನೊಂದು ಮಗ್ಗುಲಿಗೆ ಬುರ್ಕಾ ಹಾಕುವ ಮುದುಕಿ. ಮಡಿಯ ಮಾತು ಅವ್ವ ಎತ್ತಲಿಲ್ಲ. ಮೂವರೂ ಸೇರಿ ಸೊಸೆಯಂದಿರನ್ನು ಬೈದುಕೊಳ್ಳುತ್ತಿದ್ದರು.

ಬಲಗಾಲು ಮಾತ್ರ ಆಯಿತು. ಎಡಗಾಲು ಆಮೇಲೆ ನೋಡೋಣ ಎಂದರು. ಮೂರನೆಯ ದಿನ ವ್ಯಾಯಾಮ ಮಾಡಿಸುವ ಹುಡುಗಿ ಬಂದು ಅವ್ವನನ್ನು ಎಬ್ಬಿಸಿ, ಕೈಗೆ ಅಲ್ಯೂಮಿನಿಯಮ್ಮಿನ ವಾಕರ್ ಕೊಟ್ಟಳು. ನಾನು ಅವ್ವನ ಮೊಣಕೈ ಹಿಡಿದು ಪಕ್ಕದಲ್ಲಿ ನಡೆದೆ. ಒಂದು ಹೆಜ್ಜೆ, ಎರಡು ಹೆಜ್ಜೆ. ಕಿಟಕಿಯವರೆಗೆ ಹೋಗಿ ನಿಂತಳು. ಉಸಿರು ಹಿಡಿದು, ನನ್ನ ಕಡೆ ನೋಡದೆ ಹೇಳಿದಳು:

"ಅವತ್ತ ನೀ ಬಾಗಲತನಕ ಸುಮ್ಮನಿದ್ದಿ."

ಅವಳಿಗೆ ಏನೂ ನೆನಪಿಲ್ಲವೆಂದು ನಂಬಿಕೊಂಡಿದ್ದೆ.

"ಹಾಲು ಗೀಲು ಅಂದಿದ್ದು ನಂಗ ನೆನಪಿಲ್ಲ. ಆದ್ರ ನಿನ್ನ ಕೈ ನನ್ನ ಕೈಯಾಗಿತ್ತು, ಅದು ಗೊತ್ತದ. ಇಕಿ ಹೇಳ್ತಾಳ, ಈಗ ಹೇಳ್ತಾಳ ಅಂತ ಕಾಯಲಿಕತ್ತಿದ್ದೆ."

"ಅವ್ವಾ..." ಎಂದೆ. ಅಣ್ಣ ತಡೆದನೆಂದು ಹೇಳಬಹುದಿತ್ತು. ಅವನು ಹಿಡಿದದ್ದು ಮುಂಗೈಯನ್ನು, ಬಾಯಿಯನ್ನಲ್ಲ.

ಮಾತು ಆಮೇಲೆ ಆಡಿ, ಈಗ ತಿರುಗಿ ಎಂದು ವ್ಯಾಯಾಮದ ಹುಡುಗಿ ತೆಲುಗಿನಲ್ಲಿ ಹೇಳಿದಳು.

ಅವ್ವ ವಾಕರ್ ಎತ್ತಿ ತಿರುಗಿಸಿದಳು. "ಕೈ ಬಿಡವಾ, ನಾ ನಡೀತೀನಿ," ಎಂದಳು. ನಾನು ಬಿಡಲಿಲ್ಲ. ಮತ್ತೊಮ್ಮೆ, ಸ್ವಲ್ಪ ಜೋರಾಗಿ ಹೇಳಿದಳು. ಬಿಟ್ಟೆ. ಅವಳು ಬಲಗಾಲು ಮುಂದಿಟ್ಟು, ಎಡಗಾಲು ಎಳೆದುಕೊಂಡು, ಮಂಚದ ಕಡೆಗೆ ಒಬ್ಬಳೇ ಹೋದಳು. ನಾನು ಕಿಟಕಿಯ ಹತ್ತಿರವೇ ನಿಂತುಕೊಂಡೆ.